ತಂಜಾವೂರಿನ ಸರಸ್ವತಿ ಮಹಲ್‌ಗೆ ಹೋಗೋದಿದ್ರೆ ಬುಧವಾರ ಮಾತ್ರ ಬೇಡ

ತಂಜಾವೂರಿಗೆ ಹೋದೋರು ದೊಡ್ಡ ದೇವಸ್ಥಾನ ನೋಡ್ಕೊಂಡು ಸೀದಾ ಕುಂಭಕೋಣಕ್ಕೆ ಹೊರಟ್ಬಿಡ್ತಾರೆ. ಆಟೋದಲ್ಲಿ ಹತ್ತೇ ನಿಮಿಷಕ್ಕೆ ಅರಮನೆ, ಅದರೊಳಗೇ ಈ ಸರಸ್ವತಿ ಮಹಲ್, ಹಳೇ ಹಸ್ತಪ್ರತಿಗಳ ಲೈಬ್ರರಿ. ನಾನೂ ಅತ್ತೆನೂ ಹೋಗಿದ್ದು ಬುಧವಾರ, ಅರಮನೆ ತೆಗೆದಿತ್ತು, ಲೈಬ್ರರಿ ಮ್ಯೂಸಿಯಂಗೆ ಮಾತ್ರ ವಾರದ ರಜೆಯಂತೆ. ವಿಚಾರಿಸ್ದೆ ಹೋಗಿದ್ದು ನಮ್ದೇ ತಪ್ಪು ಬಿಡಿ, ರಾತ್ರಿ ರೈಲಿನ ಟಿಕೆಟ್ ಕ್ಯಾನ್ಸಲ್ ಮಾಡಿ ಇನ್ನೊಂದು ದಿನ ಉಳ್ಕೊಂಡ್ವಿ.

ಇನ್ನೊಂದ್ ಮಾತು. ನಲವತ್ತೊಂಬತ್ತು ಸಾವಿರ ಹಸ್ತಪ್ರತಿ ಅಂತೆಲ್ಲ ಓದ್ಕೊಂಡು ಹೋಗಿ ಬೀರು ಬೀರು ನೋಡ್ತೀನಿ ಅಂದ್ಕೊಂಡ್ರೆ ಬೇಜಾರಾಗತ್ತೆ, ಅದೆಲ್ಲ ಓದೋಕೆ ಬರೋ ಸಂಶೋಧಕರಿಗೆ, ನಮ್ಮಂಥೋರಿಗೆ ಇರೋದು ಪುಟ್ಟ ಮ್ಯೂಸಿಯಂ. ಸರಸರ ನಡೆದ್ರೆ ಹತ್ತು ನಿಮಿಷಕ್ಕೆ ಮುಗಿಯತ್ತೆ, ನಮಗೆ ಒಂದೂವರೆ ಗಂಟೆ ಹಿಡೀತು.

ಓಲೆಗರಿ ಹತ್ರ ಬಗ್ಗಿ ನೋಡಿ. ಅಕ್ಷರ ಬರ್ದಿದ್ದಲ್ಲ, ಕಂಟದಲ್ಲಿ, ಅಂದ್ರೆ ಚೂಪು ಮೊನೆಯ ಕಡ್ಡೀಲಿ, ಕೊರೆದು ಮಸಿ ಉಜ್ಜಿರೋದು. ತೆಲುಗು ಓಲೆ ಸಿಕ್ಕಿದ್ರೆ ನಮಗೆ ಮಜಾ, ಲಿಪಿ ಅಣ್ತಮ್ಮಂದಿರ ಥರ ಅಲ್ವಾ, ಒಂದು 'ನ' ಸಿಗತ್ತೆ, ಒಂದು 'ರ' ಸಿಗತ್ತೆ, ಆದ್ರೆ ಪದಗಳ ಮಧ್ಯೆ ಜಾಗಾನೇ ಬಿಟ್ಟಿರಲ್ಲ, ಎಲ್ಲಿ ಶುರು ಎಲ್ಲಿ ಮುಗೀತು ಅಂತ ತಲೆ ಕೆರ್ಕೊಂಡಿದ್ದೇ ಬಂತು.

ತಂಜಾವೂರಿನ ನಾಯಕ ಅರಸರ ಕಾಲದಲ್ಲೇ ಇದ್ದ ಈ ಭಂಡಾರನ ಇಷ್ಟು ಬೆಳೆಸಿದ್ದು ಮರಾಠಾ ರಾಜ ಎರಡನೇ ಸರ್ಫೋಜಿ (ಆಳಿದ್ದು 1798–1832). ಯುರೋಪಿನ ಪುಸ್ತಕಾನೂ ತರಿಸಿ ಸೈನ್ ಹಾಕಿ ಇಟ್ಕೊಳ್ತಿದ್ನಂತೆ, ಕಣ್ಣಿನ ರೋಗಿಗಳ ಚಿಕಿತ್ಸೆ ಬಗ್ಗೆ ಚಿತ್ರ ಸಮೇತ ದಾಖಲೆ ಬರೆಸಿದ್ದಾನೆ. ಫ್ರೆಂಚ್ ಕಲಾವಿದ ಲೆ ಬ್ರನ್‌ನ ಚಿತ್ರಗಳನ್ನಂತೂ ಬಿಡಬೇಡಿ, ಮನುಷ್ಯರ ಮುಖಾನ ಗೂಬೆ, ಒಂಟೆ, ಹೋರಿ ಥರ ಬರೆದಿದ್ದಾನೆ. ಅತ್ತೆ ಒಂಟೆ ಮುಖದೋನ್ನ ನೋಡಿ "ಇವ್ನು ನಮ್ ಹಳೇ ಓನರ್ ಅಲ್ವೇನೇ" ಅಂದ್ರು, ನಗು ತಡ್ಕೊಳಕ್ಕಾಗ್ಲಿಲ್ಲ. ಚೀನಾದ ಶಿಕ್ಷೆಗಳ ಚಿತ್ರಾನೂ ಇವೆ, ಚಿಕ್ಕ ಮಕ್ಕಳಿದ್ರೆ ಆ ಕಡೆ ಕರ್ಕೊಂಡ್ ಹೋಗ್ಬೇಡಿ.

ಫೋಟೋ ತೆಗೆಯೋ ಹಾಗಿಲ್ಲ. ಅರಮನೆಯೊಳಗೇ ಇರೋ ಆರ್ಟ್ ಗ್ಯಾಲರಿಗೆ ಬೇರೆ ಟಿಕೆಟ್, ಚೋಳರ ಕಂಚಿನ ವಿಗ್ರಹಗಳು ಅಲ್ಲಿರೋದು, ಸುಸ್ತಾಯ್ತು ಅಂತ ಬಿಟ್ಟು ಬರ್ಬೇಡಿ. ಮಧ್ಯಾಹ್ನ ದೇವಸ್ಥಾನ ಮುಚ್ಚಿರತ್ತೆ, ಮ್ಯೂಸಿಯಂಗೂ ಊಟದ ಬಿಡುವಿದೆ, ಅದಕ್ಕೆ ಬೆಳಗ್ಗೆ ಹತ್ತಕ್ಕೇ ಅರಮನೆಗೆ ಹೋಗಿ, ದೇವಸ್ಥಾನ ಸಂಜೆಗಿಟ್ಕೊಳ್ಳಿ, ಬಿಸಿಲಲ್ಲಿ ಆ ಕಲ್ಲಿನ ಮೇಲೆ ಬರಿಗಾಲಲ್ಲಿ ಓಡೋದೂ ತಪ್ಪತ್ತೆ.