ಬೀದಿ ಲೈಬ್ರರಿ ಆ್ಯಪ್: ಸದ್ದು ಮಾಡದ ದೋಷಗಳು

ಹನುಮಂತನಗರದ ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಮನೆಯ ಮುಂದಿನ ಕೋಣೆಯನ್ನೇ ಲೈಬ್ರರಿ ಮಾಡಿದ್ದಾರೆ. ಅವೆನ್ಯೂ ರಸ್ತೆಯಲ್ಲಿ ಹುಡುಕಿ ತಂದ ಹಳೆಯ ಪುಸ್ತಕಗಳು, ನೆರೆಯವರು ಕೊಟ್ಟವು, ಎಲ್ಲ ಸೇರಿ ಗೋಡೆ ತುಂಬಿವೆ. ಯಾರು ಏನು ಒಯ್ದರು ಅನ್ನೋ ಲೆಕ್ಕ ನೋಟ್‌ಬುಕ್ಕಿನಲ್ಲಿತ್ತು. ಅದನ್ನು ವೆಬ್‌ಗೆ ತರುವ ಕೆಲಸ ನಾನು ವಹಿಸಿಕೊಂಡಿದ್ದೇನೆ. ಭಾಷೆ ಜಾವಾ 17, ವೆಬ್ ಆ್ಯಪ್ ಕಟ್ಟುವ ಚೌಕಟ್ಟಿಗೆ ಸ್ಪ್ರಿಂಗ್ ಬೂಟ್ 3, ಪುಟಗಳಿಗೆ ಥೈಮ್‌ಲೀಫ್, ಡೇಟಾಬೇಸ್‌ಗೆ ಮೈಎಸ್‌ಕ್ಯೂಎಲ್ 8.

ಈಗ ಪಟ್ಟಿ ಒಳಗೆ ಬಂದಿದೆ, ಹುಡುಕಾಟ ನಡೆಯುತ್ತಿದೆ, ಪುಸ್ತಕ ಕೊಡುವುದು ವಾಪಸ್ ಪಡೆಯುವುದು ಎರಡೂ ಆಗುತ್ತಿವೆ. ಇಲ್ಲಿಗೆ ಬರುವಷ್ಟರಲ್ಲಿ ಒಂದು ವಿಷಯ ನನಗೆ ಗಟ್ಟಿಯಾಯಿತು. ಎಕ್ಸೆಪ್ಶನ್ (ಪ್ರೋಗ್ರಾಂ ತಾನೇ ಕೊಡುವ ದೋಷದ ಸೂಚನೆ) ಎಸೆದು ಗದ್ದಲ ಮಾಡುವ ದೋಷಗಳಿಗೆ ಹೆದರಬೇಕಿಲ್ಲ. ಲಾಗ್‌ನಲ್ಲಿ (ಆ್ಯಪ್ ತನ್ನ ಕೆಲಸ ಬರೆದಿಡುವ ದಿನಚರಿ) ಒಂದು ಸಾಲೂ ಬರೆಯದೆ ತಪ್ಪು ಉತ್ತರ ಕೊಡುವವೇ ದಿನಗಳನ್ನು ತಿನ್ನುತ್ತವೆ. ಈ ಸಲದ ಬರಹ ಹೆಚ್ಚಾಗಿ ಅವುಗಳ ಬಗ್ಗೆ.

ಗದ್ದಲದವನ್ನು ಬೇಗ ಮುಗಿಸುತ್ತೇನೆ. ಎಕ್ಸೆಪ್ಶನ್ ಜೊತೆ ಬರುವ ಕರೆಗಳ ಪಟ್ಟಿ, ಅಂದರೆ ಸ್ಟಾಕ್ ಟ್ರೇಸ್, ಎಷ್ಟೇ ಉದ್ದ ಇರಲಿ, ಕೊನೆಯ ‘ಕಾಸ್ಡ್ ಬೈ’ ಸಾಲಿಗೆ ಮೊದಲು ಹೋಗಿ. ನಿಜವಾದ ಕಾರಣ ಬಹುಪಾಲು ಅಲ್ಲೇ ಇರುತ್ತದೆ. ಬೀನ್ (ಸ್ಪ್ರಿಂಗ್ ತಾನೇ ಮಾಡಿ ನೋಡಿಕೊಳ್ಳುವ ಆಬ್ಜೆಕ್ಟ್) ಸಿಗಲಿಲ್ಲ ಅಂದರೆ ಮೇನ್ ಕ್ಲಾಸ್ ಯಾವ ಪ್ಯಾಕೇಜ್‌ನಲ್ಲಿದೆ ನೋಡಿ. ಸ್ಪ್ರಿಂಗ್ ಬೂಟ್ ಆ ಪ್ಯಾಕೇಜ್ ಮತ್ತು ಅದರ ಒಳಗಿನವನ್ನು ಮಾತ್ರ ಜಾಲಾಡುತ್ತದೆ, ಅಕ್ಕಪಕ್ಕದವನ್ನಲ್ಲ. ಜಾವಾ ಆಬ್ಜೆಕ್ಟ್‌ಗಳನ್ನು ಡೇಟಾಬೇಸ್‌ಗೆ ಜೋಡಿಸುವ ಹೈಬರ್ನೇಟ್‌ನ ಲೇಜಿ ಇನಿಷಿಯಲೈಸೇಶನ್ ಎಕ್ಸೆಪ್ಶನ್ ಬಂದರೆ, ಸೆಷನ್ (ಡೇಟಾಬೇಸ್ ಜೊತೆಗಿನ ಮಾತುಕತೆ) ಮುಚ್ಚಿದ ಮೇಲೆ ಡೇಟಾ ಕೇಳಿದ್ದೀರಿ ಅಂತ ಅರ್ಥ. ಪುಟ ತೋರಿಸಿ ಮುಗಿಯುವವರೆಗೂ ಸೆಷನ್ ತೆರೆದಿಡುವ ‘ಓಪನ್ ಇನ್ ವ್ಯೂ’ ಅನ್ನುವ ಸೆಟ್ಟಿಂಗ್ ತಾನಾಗೇ ಆನ್ ಇರುತ್ತದೆ, ಹಾಗಾಗಿ ಈ ತೊಂದರೆ ಎಷ್ಟೋ ಕಡೆ ಕಾಣಿಸುವುದೇ ಇಲ್ಲ. ನಾನು ಅದನ್ನು ಬೇಕೆಂದೇ ಆಫ್ ಮಾಡಿದ್ದೇನೆ. ಆನ್ ಇದ್ದರೆ ಪುಟ ತೋರಿಸುವಾಗ ಒಂದೊಂದು ಪುಸ್ತಕಕ್ಕೂ ಡೇಟಾಬೇಸ್‌ಗೆ ಒಂದೊಂದು ಕ್ವೆರಿ ಹೋಗುತ್ತಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಬೇಕಾದ ಕಡೆ, ಸಂಬಂಧಪಟ್ಟ ಡೇಟಾವನ್ನು ಒಂದೇ ಸಲ ತರುವ ಜಾಯಿನ್ ಫೆಚ್ ಬರೆದರೆ ಸಾಕು.

ಇನ್ನು ಸದ್ದಿಲ್ಲದವು. ಮೊದಲನೆಯದು ಟಾಮ್‌ಕ್ಯಾಟ್, ಜಾವಾ ವೆಬ್ ಆ್ಯಪ್‌ಗಳನ್ನು ಓಡಿಸುವ ಸರ್ವರ್. ಗೆಳೆಯನ ಸರ್ವರ್‌ನಲ್ಲಿ ಟಾಮ್‌ಕ್ಯಾಟ್ 9 ಇತ್ತು. ಆ್ಯಪ್ ಕಟ್ಟಿಟ್ಟ ವಾರ್ ಫೈಲ್ ಅಲ್ಲಿಗೆ ಹಾಕಿದರೆ ಡೆಪ್ಲಾಯ್ ಆಯಿತು ಅಂತ ಲಾಗ್ ಹೇಳುತ್ತದೆ, ಯಾವ ವಿಳಾಸ ತೆರೆದರೂ 404, ಅಂದರೆ ಪುಟ ಇಲ್ಲ. ಸ್ಪ್ರಿಂಗ್‌ನ ಆ ದೊಡ್ಡ ಲೋಗೋ ಕೂಡ ಲಾಗ್‌ನಲ್ಲಿ ಇಲ್ಲ. ಆ ಲೋಗೋ ಇಲ್ಲ ಅನ್ನುವುದೇ ಇಲ್ಲಿ ಸುಳಿವು: ನಮ್ಮ ಆ್ಯಪ್ ಶುರುವೇ ಆಗಿಲ್ಲ. ಯಾಕೆ ಅಂದರೆ, 2017ರಲ್ಲಿ ಒರಾಕಲ್, ಸರ್ವರ್ ಆ್ಯಪ್‌ಗಳ ಮಾನದಂಡವಾದ ಜಾವಾ ಇಇಯನ್ನು ಎಕ್ಲಿಪ್ಸ್ ಫೌಂಡೇಶನ್‌ಗೆ ಒಪ್ಪಿಸಿತು. ಆಮೇಲೆ 2020ರ ಜಕಾರ್ತಾ ಇಇ 9ರಲ್ಲಿ ‘ಜಾವಾಎಕ್ಸ್’ ಅಂತ ಶುರುವಾಗುತ್ತಿದ್ದ ಅದರ ಪ್ಯಾಕೇಜ್ ಹೆಸರುಗಳೆಲ್ಲ ‘ಜಕಾರ್ತಾ’ ಆದವು. ಸ್ಪ್ರಿಂಗ್ ಬೂಟ್ 3 ಬಂದದ್ದು 2022ರ ನವೆಂಬರ್‌ನಲ್ಲಿ, ಅದು ಹೊಸ ಹೆಸರನ್ನೇ ಬಳಸುತ್ತದೆ. ಟಾಮ್‌ಕ್ಯಾಟ್ 9 ಹುಡುಕುವುದು ಹಳೆಯ ಹೆಸರನ್ನು. ಒಂದಕ್ಕೊಂದು ಗುರುತೇ ಸಿಗುವುದಿಲ್ಲ, ಆದ್ದರಿಂದ ಜಗಳವೂ ಇಲ್ಲ. ಟಾಮ್‌ಕ್ಯಾಟ್ 10.1 ಹಾಕಿದ ಮೇಲೆ ಎಲ್ಲ ಸರಿಯಾಯಿತು. ಹೊಸದಾಗಿ ಶುರು ಮಾಡುವವರು ಸುಮ್ನೆ ಟಾಮ್‌ಕ್ಯಾಟ್ ಒಳಗೇ ಇರುವ ಜಾರ್ ಫೈಲ್ ಮಾಡಿ, ಅದರಲ್ಲೇ ಓಡಿಸಿ ಅನ್ನೋದು ನನ್ನ ಸಲಹೆ.

ಎರಡನೆಯದು ಕನ್ನಡ ಅಕ್ಷರಗಳದ್ದು. ಮೇಷ್ಟ್ರ ಪಟ್ಟಿ ಎಕ್ಸೆಲ್‌ನಲ್ಲಿತ್ತು. ಅದನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಟ್ಟ ಬರಿಯ ಪಠ್ಯದ ಫೈಲ್) ಮಾಡಿ ಆ್ಯಪ್‌ಗೆ ತುಂಬಿಸಿದರೆ ಹೆಸರುಗಳ ಜಾಗದಲ್ಲಿ ಬರೀ ಪ್ರಶ್ನೆಚಿಹ್ನೆ. ಕನ್ನಡದಲ್ಲಿ ವೆಬ್ ಆ್ಯಪ್ ಮಾಡುವ ಎಲ್ಲರಿಗೂ ಇದು ಒಂದಲ್ಲ ಒಂದು ದಿನ ಎದುರಾಗುತ್ತದೆ. ಆಗ ಡೇಟಾಬೇಸ್ ಸೆಟ್ಟಿಂಗ್ ಮುಟ್ಟುವ ಮೊದಲು ತೆರೆಯ ಮೇಲೆ ಏನು ಕಾಣುತ್ತಿದೆ ಅಂತ ಗಮನ ಇಟ್ಟು ನೋಡಿ. ಎರಡು ಬಗೆ ಇದೆ. ಬರೀ ಪ್ರಶ್ನೆಚಿಹ್ನೆ ಕಂಡರೆ, ಕನ್ನಡ ಗೊತ್ತಿಲ್ಲದ ಎನ್‌ಕೋಡಿಂಗ್‌ನಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಕ್ರಮದಲ್ಲಿ) ಯಾರೋ ಬರೆದಿದ್ದಾರೆ. ಆ ಅಕ್ಷರಗಳು ಹೋದವು, ಮೂಲ ಫೈಲ್‌ಗೇ ವಾಪಸ್ ಹೋಗಬೇಕು. ಅದರ ಬದಲು ತಲೆಯ ಮೇಲೆ ಗೆರೆ ಇರುವ ಲ್ಯಾಟಿನ್ ‘ಎ’, ಪಕ್ಕದಲ್ಲಿ ಪುಟ್ಟ 2 ಅಥವಾ 3, ಮತ್ತೆ ಅದೇ ‘ಎ’, ಹೀಗೆ ಕಂಡರೆ ಖುಷಿಪಡಿ. ಎಲ್ಲ ಭಾಷೆಗೂ ಆಗುವ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ (ಅಕ್ಷರ ಅಥವಾ ಗುಣಿತದ ಗುರುತಿಗೆ) 3 ಬೈಟ್ ಬೇಕು, ಮೊದಲ ಬೈಟ್ ಯಾವಾಗಲೂ ಆ ‘ಎ’ ಆಗಿ, ಎರಡನೆಯದು ಆ 2 ಅಥವಾ 3 ಆಗಿ ಕಾಣುತ್ತದೆ. ಬೈಟ್‌ಗಳು ಕ್ಷೇಮ, ಓದುವವರು ಮಾತ್ರ ತಪ್ಪಾಗಿ ಓದುತ್ತಿದ್ದಾರೆ ಅಂತ ಅರ್ಥ. ಸಾಮಾನ್ಯವಾಗಿ ಉಳಿಸಿಕೊಳ್ಳಬಹುದು.

ನಮ್ಮದು ಮೊದಲ ಬಗೆ. ಎಕ್ಸೆಲ್‌ನಲ್ಲಿ ‘ಸಿಎಸ್‌ವಿ’ ಮತ್ತು ‘ಸಿಎಸ್‌ವಿ ಯುಟಿಎಫ್-8’ ಎರಡೂ ಆಯ್ಕೆ ಇವೆ. ಮೊದಲನೆಯದರಲ್ಲಿ ಸೇವ್ ಆದಾಗಲೇ ಕನ್ನಡ ಅಳಿಸಿಹೋಗುತ್ತದೆ. ಎರಡನೆಯದರಲ್ಲಿ ಮತ್ತೆ ತೆಗೆಸಿಕೊಂಡೆ. ಆಗ ಲೇಖಕರು, ಪ್ರಕಾಶಕರು ಎಲ್ಲ ಬಂದರು, ಮೊದಲ ಕಾಲಂ ಆದ ಪುಸ್ತಕದ ಹೆಸರು ಮಾತ್ರ ಪೂರ್ತಿ ಖಾಲಿ! ಈ ಬಗೆಯ ಫೈಲ್‌ನ ಶುರುವಿನಲ್ಲಿ ಕಣ್ಣಿಗೆ ಕಾಣದ 3 ಬೈಟ್‌ಗಳ ಒಂದು ಗುರುತು ಇರುತ್ತದೆ, ಅದಕ್ಕೆ ಬಿಓಎಂ ಅಂತಾರೆ. ಜಾವಾ ಅದನ್ನು ತಾನಾಗಿ ತೆಗೆಯುವುದಿಲ್ಲ. ಅದು ಮೊದಲ ಕಾಲಂನ ಶೀರ್ಷಿಕೆಗೆ ಅಂಟಿಕೊಂಡು, ಆ ಶೀರ್ಷಿಕೆ ನಮ್ಮ ಕೋಡ್‌ನಲ್ಲಿರುವ ಹೆಸರಿಗೆ ಹೊಂದುವುದಿಲ್ಲ. ಮೊದಲ ಅಕ್ಷರ ಅದೇನಾ ಅಂತ ನೋಡಿ ಕಿತ್ತು ಹಾಕುವ ಒಂದು ಸಾಲು ಬರೆದೆ. ಫೈಲ್ ಓದುವಲ್ಲಿ ಯುಟಿಎಫ್-8 ಅಂತ ಸ್ಪಷ್ಟವಾಗಿ ಕೊಟ್ಟೆ. ಜಾವಾ 18ರಿಂದ ಅದೇ ಡೀಫಾಲ್ಟ್, 17ರಲ್ಲಿ ಹಾಗಲ್ಲ. ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಬೇರೆ ಬೇರೆ ಫಲ ಬರಬಹುದು.

ಹೆಸರುಗಳು ಸರಿಯಾಗಿ ಕಾಣತೊಡಗಿದವು. ಮಾರನೇ ದಿನವೇ ಮೇಷ್ಟ್ರು ಫೋನ್ ಮಾಡಿದರು. “ಏನಪ್ಪಾ, ಕೋಲಾರ ಅಂತ ಹುಡುಕಿದ್ರೆ ಏನೂ ಬರ್ತಿಲ್ಲವಲ್ಲ. ಪುಸ್ತಕ ಕಣ್ಣೆದುರೇ ಇದೆ.”

“ನೋಡ್ತೀನಿ ಮೇಷ್ಟ್ರೇ. ಪಟ್ಟಿಯಲ್ಲಿ ಹೆಸರು ಕಾಣ್ತಿದೆಯಾ?”

“ಕಾಣ್ತಿದೆ. ಹುಡುಕಿದ್ರೆ ಮಾತ್ರ ಇಲ್ಲ ಅನ್ನುತ್ತೆ.”

ಈ ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಹೈಬರ್ನೇಟ್‌ನ ಬೈಂಡ್ ಲಾಗ್ ಆನ್ ಮಾಡಿ ನೋಡಿದರೆ ಕ್ವೆರಿ ಸರಿ, ಅದಕ್ಕೆ ಹೋದ ಪದವೂ ಸರಿ. ಆಮೇಲೆ ಎರಡೂ ಪದಗಳ ಉದ್ದ ಪ್ರಿಂಟ್ ಮಾಡಿದೆ. ಮೇಷ್ಟ್ರು ಫೋನ್‌ನಲ್ಲಿ ಟೈಪ್ ಮಾಡಿದ ‘ಕೋಲಾರ’ದ ಉದ್ದ 5. ಪಟ್ಟಿಯಲ್ಲಿದ್ದ ‘ಕೋಲಾರ’ದ ಉದ್ದ 7. ಪಟ್ಟಿಯ ಒಂದು ಭಾಗ ಹಳೆಯ ಫಾಂಟ್‌ನಲ್ಲಿ ಟೈಪ್ ಆಗಿ, ಆಮೇಲೆ ಯೂನಿಕೋಡ್‌ಗೆ ಬದಲಾದದ್ದು. ಅದರಲ್ಲಿ ‘ಕೋ’ ಅನ್ನುವುದು ಕ, ಎತ್ವ, ಊಕಾರದ ಕೊಂಬು, ದೀರ್ಘ ಅಂತ ನಾಲ್ಕು ತುಂಡಾಗಿ ಕೂತಿತ್ತು. ಫೋನ್ ಕೀಬೋರ್ಡ್ ಅದನ್ನು ಕ ಮತ್ತು ಓತ್ವ ಅಂತ ಎರಡೇ ಸಂಕೇತದಲ್ಲಿ ಕೊಡುತ್ತದೆ. ತೆರೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಪದ ಹುಡುಕುವ ‘ಲೈಕ್’ ಮಾತ್ರ ಒಂದೊಂದೇ ಸಂಕೇತ ಹಿಡಿದು ಹೋಲಿಸುತ್ತದೆ.

ಇದಕ್ಕೆ ಜಾವಾದಲ್ಲೇ ಮದ್ದಿದೆ. ನಾರ್ಮಲೈಸರ್ ಕ್ಲಾಸ್‌ಗೆ ಎನ್‌ಎಫ್‌ಸಿ ರೂಪ ಕೇಳಿದರೆ ತುಂಡುಗಳೆಲ್ಲ ಕೂಡಿ ಒಂದೇ ಆಗುತ್ತವೆ. ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ‘ಸೂರ್ಯ’ ಅಂತ ಅರ್ಕಾವತ್ತು ಇಟ್ಟು ಬರೆಯುವವರಿದ್ದಾರೆ, ‘ಸೂರ‍್ಯ’ ಅಂತ ಬರೆಯುವವರೂ ಇದ್ದಾರೆ. ಎರಡನೆಯದರ ಒಳಗೆ ಕಾಣದ ಒಂದು ಜೋಡಿಸುವ ಸಂಕೇತವಿದೆ. ‘ಲಾಲ್‌ಬಾಗ್’ ಅಂತ ಒತ್ತಕ್ಷರ ಆಗದಂತೆ ಬರೆಯಲು ಬೇರ್ಪಡಿಸುವ ಇನ್ನೊಂದು ಸಂಕೇತ ಬೇಕು. ಎನ್‌ಎಫ್‌ಸಿ ಇವೆರಡನ್ನೂ ಮುಟ್ಟುವುದಿಲ್ಲ. ಹಾಗಂತ ಹೆಸರಿನಿಂದಲೇ ತೆಗೆದುಬಿಟ್ಟರೆ ಲಾಲ್‌ಬಾಗ್ ಹೋಗಿ ‘ಲಾಲ್ಬಾಗ್’ ಆಗುತ್ತದೆ, ಅದು ಬೇಡ ಅಲ್ವಾ? ಆದ್ದರಿಂದ ಟೇಬಲ್‌ನಲ್ಲಿ ಎರಡು ಕಾಲಂ ಇಟ್ಟೆ. ಒಂದು ಓದುವುದಕ್ಕೆ, ಮೇಷ್ಟ್ರು ಬರೆದಂತೆಯೇ. ಇನ್ನೊಂದು ಹುಡುಕುವುದಕ್ಕೆ, ಎನ್‌ಎಫ್‌ಸಿ ಮಾಡಿ ಆ ಎರಡು ಸಂಕೇತಗಳನ್ನೂ ಕಿತ್ತು. ಹುಡುಕುವ ಪದಕ್ಕೂ ಅದೇ ಸಂಸ್ಕಾರ. ಎಂಟಿಟಿಯಲ್ಲಿ, ಅಂದರೆ ಟೇಬಲ್‌ಗೆ ಹೊಂದುವ ಕ್ಲಾಸ್‌ನಲ್ಲಿ, ಉಳಿಸುವ ಮೊದಲು ತಾನಾಗಿ ಓಡುವ ಪ್ರೀ ಪರ್ಸಿಸ್ಟ್ ಮತ್ತು ಪ್ರೀ ಅಪ್‌ಡೇಟ್ ಮೆಥಡ್ ಈ ಹುಡುಕುವ ಕಾಲಂ ತುಂಬುತ್ತದೆ. ಒಂದೇ ಎಚ್ಚರ: ಅಪ್‌ಡೇಟ್ ಕ್ವೆರಿ ಬರೆದು ನೇರವಾಗಿ ಹೆಸರು ಬದಲಿಸಿದರೆ ಈ ಮೆಥಡ್‌ಗಳು ಓಡುವುದಿಲ್ಲ.

ಮೂರನೆಯದು ಟ್ರಾನ್ಸಾಕ್ಷನ್: ಎಲ್ಲವೂ ಉಳಿಯಬೇಕು, ಇಲ್ಲವೇ ಏನೂ ಉಳಿಯಬಾರದು ಅನ್ನುವ ಡೇಟಾಬೇಸ್ ಕೆಲಸಗಳ ಗುಂಪು. ಪಟ್ಟಿ ತುಂಬುವಾಗ ನಡುವೆ ಒಂದು ಸಾಲು ಕೆಟ್ಟಿದ್ದರೆ ಪೂರ್ತಿ ವಾಪಸ್ ಆಗಬೇಕು. ಆದರೆ ಅದಕ್ಕಿಂತ ಮೊದಲಿನ ಪುಸ್ತಕಗಳು ಡೇಟಾಬೇಸ್‌ನಲ್ಲಿ ಹಾಗೇ ಉಳಿಯುತ್ತಿದ್ದವು. ಟ್ರಾನ್ಸಾಕ್ಷನಲ್ ಅನ್ನುವ ಗುರುತು ಮೆಥಡ್ ಮೇಲೆ ಇದ್ದೇ ಇತ್ತು. ಸ್ಪ್ರಿಂಗ್ ನಮ್ಮ ಕ್ಲಾಸ್‌ನ ಮುಂದೆ ಒಂದು ಪ್ರಾಕ್ಸಿ ನಿಲ್ಲಿಸುತ್ತದೆ. ಅದು ಅಪಾರ್ಟ್‌ಮೆಂಟ್ ಗೇಟಿನ ಸೆಕ್ಯೂರಿಟಿಯವರಂತೆ. ಹೊರಗಿನಿಂದ ಬಂದವರ ಹೆಸರು ಬರೆದುಕೊಳ್ಳುತ್ತಾರೆ, ಒಳಗೊಳಗೇ ಒಂದು ಮನೆಯಿಂದ ಇನ್ನೊಂದಕ್ಕೆ ಹೋದವರು ಅವರಿಗೆ ಕಾಣುವುದಿಲ್ಲ. ಫೈಲ್ ಓದುವ ಮೆಥಡ್, ಅದೇ ಕ್ಲಾಸ್‌ನ ಉಳಿಸುವ ಮೆಥಡ್ ಅನ್ನು ಕರೆಯುತ್ತಿತ್ತು. ಪ್ರಾಕ್ಸಿಗೆ ಸುದ್ದಿಯೇ ಇಲ್ಲ. ಒಂದೊಂದು ಸೇವ್‌ಗೂ ಡೇಟಾಬೇಸ್‌ಗೆ ಬರೆಯುವ ರೆಪಾಸಿಟರಿಯೇ ಬೇರೆ ಬೇರೆ ಟ್ರಾನ್ಸಾಕ್ಷನ್ ತೆರೆದು ಮುಗಿಸುತ್ತಿತ್ತು. ಉಳಿಸುವ ಕೆಲಸವನ್ನು ಬೇರೆ ಸರ್ವಿಸ್ ಕ್ಲಾಸ್‌ಗೆ ಹಾಕಿದೆ. ಜೊತೆಗೆ, ಚೆಕ್ಡ್ ಎಕ್ಸೆಪ್ಶನ್ (ಹಿಡಿಯಲೇಬೇಕು ಅಥವಾ ಘೋಷಿಸಲೇಬೇಕು ಅಂತ ಜಾವಾ ಒತ್ತಾಯಿಸುವ ಬಗೆ) ಬಂದರೆ ಸ್ಪ್ರಿಂಗ್ ತಾನಾಗಿ ವಾಪಸ್ ಮಾಡುವುದಿಲ್ಲ, ಕಮಿಟ್ ಮಾಡುತ್ತದೆ, ಅಂದರೆ ಖಾಯಂ ಮಾಡುತ್ತದೆ. ಫೈಲ್ ಓದುವ ಕಡೆ ಬರುವ ಐಓ ಎಕ್ಸೆಪ್ಶನ್ ಅದೇ ಜಾತಿ. ರೋಲ್‌ಬ್ಯಾಕ್ ಫಾರ್ ಅಂತ ಹೇಳಿ ಬರೆಯಬೇಕು. ಅನುಮಾನ ಬಂದರೆ ಸ್ಪ್ರಿಂಗ್‌ನ ಟ್ರಾನ್ಸಾಕ್ಷನ್ ಇಂಟರ್‌ಸೆಪ್ಟರ್‌ನ ಲಾಗ್ ಅನ್ನು ಟ್ರೇಸ್ ಮಟ್ಟಕ್ಕೆ ಇಡಿ. ಟ್ರಾನ್ಸಾಕ್ಷನ್ ಎಲ್ಲಿ ಶುರು, ಎಲ್ಲಿ ಕೊನೆ ಅಂತ ಮೆಥಡ್ ಹೆಸರಿನ ಸಮೇತ ಬರುತ್ತದೆ.

ತಾರೀಖಿನದು ಚಿಕ್ಕದು. ಮೇಷ್ಟ್ರು ವಾಕಿಂಗ್‌ಗೆ ಹೊರಡುವ ಮೊದಲು, ಬೆಳಗಿನ 5ಕ್ಕೇ ಹಿಂದಿನ ದಿನದ ಚೀಟಿಗಳನ್ನೆಲ್ಲ ಎಂಟ್ರಿ ಮಾಡುತ್ತಾರೆ. ಎಂಟ್ರಿಯ ದಿನ ‘ಇವತ್ತು’ ಅಂತ ದಾಖಲಾಗಬೇಕು, ನಿನ್ನೆಯ ತಾರೀಖು ಬೀಳುತ್ತಿತ್ತು. ಸಂಜೆಯ ಎಂಟ್ರಿಗಳೆಲ್ಲ ಸರಿ. ಸರ್ವರ್ ಗಡಿಯಾರ ಯುಟಿಸಿಯಲ್ಲಿ, ಅಂದರೆ ಜಾಗತಿಕ ಮಾನಕ ಸಮಯದಲ್ಲಿದೆ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಲ್ಲಿ ಇನ್ನೂ ನಿನ್ನೆಯ ರಾತ್ರಿ 11.30. ಏಷ್ಯಾ/ಕೋಲ್ಕತಾ ವಲಯದ ಒಂದು ಕ್ಲಾಕ್ ಬೀನ್ ಮಾಡಿ, ತಾರೀಖು ಬೇಕಾದ ಕಡೆಯೆಲ್ಲ ಅದನ್ನೇ ಕೊಟ್ಟೆ. ಜಾವಾ ಓಡಿಸುವ ಜೆವಿಎಂಗೆ ಟೈಮ್‌ಝೋನ್ ಹೇಳಿದರೂ ನಡೆಯುತ್ತದೆ. ಆದರೆ ಕ್ಲಾಕ್ ಇದ್ದರೆ ಟೆಸ್ಟ್‌ನಲ್ಲಿ ಬೆಳಗಿನ 5 ಗಂಟೆಯನ್ನು ಯಾವಾಗ ಬೇಕಾದರೂ ತರಬಹುದು, ಅದಕ್ಕೇ ನನಗೆ ಅದು ಇಷ್ಟ.

ಮುಂದಿನ ಕೆಲಸ ಮತ್ತೆ ಹುಡುಕಾಟದ್ದೇ. ನಮ್ಮ ಪುಸ್ತಕಗಳಲ್ಲಿ ‘ಕಥೆ’ಯೂ ಇದೆ, ‘ಕತೆ’ಯೂ ಇದೆ. ಒಂದನ್ನು ಹುಡುಕಿದರೆ ಇನ್ನೊಂದೂ ಸಿಗಬೇಕು. ಹುಡುಕುವ ಕಾಲಂನಲ್ಲಿ ಮಹಾಪ್ರಾಣಗಳನ್ನೆಲ್ಲ ಅಲ್ಪಪ್ರಾಣ ಮಾಡಿದರೆ ಸುಲಭ, ಆದರೆ ಆಗ ‘ಫಲ’ ಕೇಳಿದವರಿಗೆ ‘ಪಲ’ ಇರುವ ಹೆಸರುಗಳೂ ಬರುತ್ತವೆ. ಸರಿಯಾಗಿ ಹೊಂದುವವನ್ನು ಮೇಲೆ, ಸಡಿಲವಾಗಿ ಹೊಂದುವವನ್ನು ಕೆಳಗೆ ತೋರಿಸುವುದು ಈಗಿನ ಯೋಚನೆ. ಈ ವಾರ ಅದರ ಟೆಸ್ಟ್‌ಗಳನ್ನು ಮೊದಲು ಬರೆಯುತ್ತೇನೆ.