ಸಾಯುವವರಿಂದ ಏನು ಕಲಿತಿರಿ ಅಂತ ಕೇಳುವವರಿಗೆ

ಪ್ರಶ್ನೆ ಇದು: "ಸಾಯುವವರ ಜೊತೆ ಇಷ್ಟು ವರ್ಷದಿಂದ ಇದ್ದೀರಲ್ಲ, ಹೇಗೆ ಬದುಕಬೇಕು ಅಂತ ಅವರಿಂದ ಏನು ಕಲಿತಿರಿ?"

ಮದುವೆ ಮನೆಯ ಪಂಕ್ತಿಯಲ್ಲಿ ಕೇಳುತ್ತಾರೆ. ಬ್ಯಾಂಕಿನಲ್ಲಿ ಕೆವೈಸಿ ಫಾರಂ ತುಂಬುವಾಗ ಕೇಳುತ್ತಾರೆ. ಮೆಟ್ರೋದಲ್ಲಿ ಪಕ್ಕ ಕೂತವರಿಗೆ ನನ್ನ ಕೆಲಸ ಏನು ಅಂತ ಗೊತ್ತಾದರೆ ಸಾಕು, ಮುಂದಿನ ನಿಲ್ದಾಣ ಬರುವುದರೊಳಗೆ ಕೇಳಿರುತ್ತಾರೆ. ನಾನು ನರ್ಸ್. ಬೆಂಗಳೂರಿನಲ್ಲಿ ಮನೆಮನೆಗೆ ಹೋಗಿ, "ಇನ್ನು ವಾಸಿ ಆಗಲ್ಲ, ಮನೆಗೆ ಕರೆದುಕೊಂಡು ಹೋಗಿ" ಅಂತ ಆಸ್ಪತ್ರೆಯವರು ಕಳಿಸಿದ ರೋಗಿಗಳನ್ನು ನೋಡಿಕೊಳ್ಳುತ್ತೇನೆ. ಹೆಚ್ಚಿನವರು ಕ್ಯಾನ್ಸರ್ ರೋಗಿಗಳು. ಇದಕ್ಕೆ ಪ್ಯಾಲಿಯೇಟಿವ್ ಕೇರ್ ಅನ್ನುತ್ತಾರೆ. "ದೊಡ್ಡ ಸೇವೆ ಮಾಡ್ತಿದೀರಾ" ಅಂತಲೂ ಅನ್ನುತ್ತಾರೆ. ಸೇವೆ ಅಲ್ಲ, ಕೆಲಸ. ಸಂಬಳ ತಗೋತೀನಿ, ಅದೂ ಕಡಿಮೆ ಆಯಿತು ಅಂತ ಜಗಳ ಆಡ್ತೀನಿ.

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಉತ್ತರ: ಏನೂ ಕಲಿತಿಲ್ಲ. ಅವರು ನನಗೆ ಕಲಿಸೋಕೆ ಅಂತ ಮಲಗಿರಲಿಲ್ಲ.

ಇಷ್ಟಕ್ಕೆ ಬಿಡುವವರು ಕಡಿಮೆ. "ಹಾಗಲ್ಲ ಸಿಸ್ಟರ್, ಏನಾದರೂ ಇರುತ್ತಲ್ವಾ? ಒಂದೇ ಮಾತಲ್ಲಿ ಹೇಳಿ." ವೈಟ್‌ಫೀಲ್ಡ್ ಕಡೆಯ ಒಂದು ಕಂಪನಿಯವರು ಮಹಿಳಾ ದಿನಕ್ಕೆ ಮಾತಾಡಲು ಕರೆದಿದ್ದರು. 20 ನಿಮಿಷ ಸಾಕು, ಕೊನೆಗೆ ಮೂರು ಪಾಯಿಂಟ್ ಇರಲಿ, ಮತ್ತೆ ಸ್ವಲ್ಪ ಪಾಸಿಟಿವ್ ಆಗಿರಲಿ ಅಂದರು. ಸಾವಿನ ಬಗ್ಗೆ, ಪಾಸಿಟಿವ್ ಆಗಿ, ಊಟಕ್ಕೆ ಮುಂಚೆ. ನಾನು ಹೋಗಲಿಲ್ಲ. ಹೋಗಿದ್ದರೆ ಮೊದಲ ಪಾಯಿಂಟೇ ಮಲಬದ್ಧತೆ ಆಗಿರುತ್ತಿತ್ತು.

ಕುತೂಹಲಕ್ಕೆ ನನಗೆ ಸಿಟ್ಟು ಬರಲ್ಲ. ಸಾವು ಅಂದರೆ ಯಾರಿಗೆ ಕುತೂಹಲ ಇಲ್ಲ? ಸಿಟ್ಟು ಬರುವುದು ಆ ಪ್ರಶ್ನೆಯೊಳಗೆ ಕೂತಿರುವ ಲೆಕ್ಕಾಚಾರಕ್ಕೆ. ಹೋಗುವವರು ಸುಮ್ನೆ ಹೋಗುವಂತಿಲ್ಲ, ನಮಗೆ ಏನಾದರೂ ಕೊಟ್ಟು ಹೋಗಬೇಕು. ಮೈಯೆಲ್ಲ ನೋವು, ನಾಲ್ಕು ದಿನದಿಂದ ಮೋಷನ್ ಆಗಿಲ್ಲ, ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿದೆ. ಅಂಥವರು ಎದ್ದು ಕೂತು ನಿಮಗೆ ನೀತಿ ಹೇಳಬೇಕಾ?

ವಾಟ್ಸ್ಯಾಪ್‌ನಲ್ಲಿ ಒಂದು ಪಟ್ಟಿ ಓಡಾಡುತ್ತಿರುತ್ತದೆ, ನೀವೂ ನೋಡಿರುತ್ತೀರಿ. ಸಾಯುವವರ ಐದು ಪಶ್ಚಾತ್ತಾಪಗಳು. ಆಸ್ಟ್ರೇಲಿಯಾದಲ್ಲಿ ರೋಗಿಗಳ ಆರೈಕೆ ಮಾಡುತ್ತಿದ್ದ ಒಬ್ಬ ಹೆಂಗಸು ಬರೆದದ್ದು. ಅವರು ಕಂಡದ್ದನ್ನು ಅವರು ಬರೆದರು, ತಪ್ಪೇನಿಲ್ಲ. ಆದರೆ ಅದು ಇಲ್ಲಿ ಸೂರ್ಯೋದಯದ ಫೋಟೋ ಹಾಕಿಕೊಂಡು ಗುಡ್ ಮಾರ್ನಿಂಗ್ ಮೆಸೇಜ್ ಆಗಿ ಬರುತ್ತದೆ. ಅದರಲ್ಲಿ ಒಂದು, ಇಷ್ಟೊಂದು ಕೆಲಸ ಮಾಡಬಾರದಿತ್ತು ಅನ್ನುವುದು. ಅದನ್ನು ಫಾರ್ವರ್ಡ್ ಮಾಡುವವರು ಮಾರನೇ ದಿನ ಎಂದಿನಂತೆ ಆಫೀಸಿಗೆ ಹೋಗುತ್ತಾರೆ.

ನಮ್ಮಲ್ಲೂ ಒಂದು ಮಾತಿದೆ: ಶರಣರ ಗುಣವನ್ನು ಮರಣದಲ್ಲಿ ನೋಡು. ಶರಣರ ಮಟ್ಟಿಗೆ ಸರಿಯೇ ಇರಬಹುದು. ನಾನು ನೋಡುವವರು ಶರಣರಲ್ಲ, ಕಾಮಾಕ್ಷಿಪಾಳ್ಯ, ಹನುಮಂತನಗರ, ಕೆ.ಆರ್. ಪುರದ ಜನ. ಸಾಯುವಾಗಲೂ ಅವರು ಅವರೇ. ಜಿಪುಣರು ಜಿಪುಣರಾಗಿಯೇ ಇರುತ್ತಾರೆ, ಡೈಪರ್ ರೇಟ್ ಕೇಳಿ "ಅರ್ಧ ದಿನ ಸಾಕು" ಅನ್ನುತ್ತಾರೆ. ಹನುಮಂತನಗರದ ಒಬ್ಬ ಅಜ್ಜಿ, ಸಂಜೆ ಧಾರಾವಾಹಿ ಟೈಮಿಗೆ ಬರಬೇಡ ಅಂತ ನನಗೆ ಮೊದಲೇ ತಾಕೀತು ಮಾಡಿದ್ದರು. ಮಾತು ನಿಲ್ಲುವ ಹಿಂದಿನ ದಿನ ನನ್ನ ಕೈ ಹಿಡಿದು ಹತ್ತಿರ ಕರೆದರು. ಮಗ, ಮೊಮ್ಮಕ್ಕಳು ಎಲ್ಲ ಮುಂದೆ ಬಗ್ಗಿದರು. ಅಜ್ಜಿ ಹೇಳಿದ್ದು, "ಇವಳಿಗೆ ಇನ್ನೂ ಹುಳಿ ಮಾಡೋಕೆ ಬರಲ್ಲ." ಸೊಸೆ ಬಾಯಿ ಮುಚ್ಚಿಕೊಂಡು ನಕ್ಕರು. ಇದರಲ್ಲಿ ಬದುಕಿನ ಪಾಠ ಯಾವುದು, ನೀವೇ ಹುಡುಕಿಕೊಳ್ಳಿ.

ಆದರೆ ಆ ಐದರ ಪಟ್ಟಿ ನೋಡಿದಾಗಲೆಲ್ಲ ನನಗೆ ನೆನಪಾಗುವುದು ಲಗ್ಗೆರೆಯ ಒಬ್ಬ ಅಕ್ಕ. ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ತುರುವೇಕೆರೆ ಕಡೆಯವರು. ಗಂಡ ಬಿಟ್ಟು ಹೋಗಿದ್ದ. ಪಿಯುಸಿ ಓದುವ ಮಗಳು, ಊರಿಂದ ಬಂದ ಅವ್ವ. ವಠಾರದ ಎರಡನೇ ಮಹಡಿಯಲ್ಲಿ ಒಂದು ರೂಮು, ಒಂದು ಅಡುಗೆಮನೆ. ಸ್ತನ ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬಿತ್ತು.

ನೋವು ಎಷ್ಟಿದೆ ಅಂತ ನಾವು ಸೊನ್ನೆಯಿಂದ ಹತ್ತರವರೆಗೆ ಕೇಳುತ್ತೇವೆ. ಮೊದಲ ದಿನ ಆಕೆ ಹತ್ತು ಅಂದರು, ಹೇಳುವಾಗ ಉಸಿರು ಬಿಗಿಹಿಡಿದಿದ್ದರು. ಮಾರ್ಫಿನ್ ಶುರುವಾದ ಮೇಲೆ ಮೂರಕ್ಕೆ ಇಳಿಯಿತು. ಆದರೂ ನಿದ್ದೆ ಇಲ್ಲ. ಡಾಕ್ಟರು ರಾತ್ರಿ ಡೋಸ್ ಹೆಚ್ಚಿಸಿದರು. ಆಗಲೂ ಇಲ್ಲ. "ರಾತ್ರಿಯೆಲ್ಲ ಬೆರಳು ಎಣಿಸ್ತಾ ಮಲಗಿರ್ತಾಳೆ, ಜಪ ಮಾಡ್ತಾಳೆ ಅನ್ಸುತ್ತೆ" ಅಂತ ಅವ್ವ ಹೇಳಿದರು.

ಜಪ ಅಲ್ಲ. ತಿಂಗಳು ಎಣಿಸುತ್ತಿದ್ದರು.

"ಕೆಲಸಕ್ಕೆ ಸೇರಿ ಐದು ವರ್ಷ ಆಗೋಕೆ ಇನ್ನೂ ಏಳು ತಿಂಗಳು ಬೇಕು ಸಿಸ್ಟರ್. ಅಲ್ಲೀತನಕ ಇರ್ತೀನಾ?"

ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು. ಐದು ವರ್ಷ ತುಂಬದಿದ್ದರೆ ಒಂದು ರೂಪಾಯಿ ಬರಲ್ಲ ಅಂತ ಫ್ಯಾಕ್ಟರಿ ಲೈನಿನಲ್ಲಿ ಯಾರೋ ಹೇಳಿದ್ದರು. ಅದರ ಮೇಲೆ ಫ್ಯಾಕ್ಟರಿಯವರು ರಾಜೀನಾಮೆ ಬರೆದುಕೊಡಿ ಅಂತ ಬೇರೆ ಕೇಳುತ್ತಿದ್ದರು. ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ ಅದು, ಆಕೆಯ ಸಂಬಳಕ್ಕೆ ಎಷ್ಟಾದೀತು? ಆದರೆ ಮಗಳ ಡಿಗ್ರಿ ಫೀಸು ಅದರಲ್ಲೇ ಅಂತ ಆಕೆ ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡಿದ್ದರು. ಇಷ್ಟೊಂದು ಕೆಲಸ ಮಾಡಬಾರದಿತ್ತು ಅಂತ ಆಕೆ ಯಾವತ್ತೂ ಅನ್ನಲಿಲ್ಲ. ಇನ್ನೂ ಏಳು ತಿಂಗಳು ಮಾಡಬೇಕಿತ್ತು ಅಂದರು. ಆಸ್ಟ್ರೇಲಿಯಾದ ಪಟ್ಟಿಗೆ ಇದನ್ನು ಆರನೆಯದಾಗಿ ಸೇರಿಸಬಹುದು.

ನಮ್ಮ ತಂಡದ ಸೋಶಿಯಲ್ ವರ್ಕರ್ ಮಾರನೇ ದಿನವೇ ಬಂದರು. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯಲ್ಲೇ ಇತ್ತು: ನೌಕರರು ತೀರಿಕೊಂಡರೆ, ಅಥವಾ ಕೆಲಸ ಮಾಡಲಾಗದಷ್ಟು ಅಂಗವಿಕಲರಾದರೆ, ಐದು ವರ್ಷದ ಷರತ್ತು ಅನ್ವಯಿಸುವುದಿಲ್ಲ. ಎಷ್ಟು ದುಡಿದಿದ್ದಾರೋ ಅಷ್ಟಕ್ಕೆ ಬರುತ್ತದೆ. ರಾಜೀನಾಮೆಗೆ ಸಹಿ ಹಾಕಬೇಡಿ ಅಂದರು. ಫೈಲ್ ತೆಗೆಸಿ ನೋಡಿದರೆ ನಾಮಿನಿ ಜಾಗದಲ್ಲಿ ಬಿಟ್ಟು ಹೋದ ಗಂಡನ ಹೆಸರೇ ಇತ್ತು, ಪಿಎಫ್‌ನಲ್ಲೂ ಅದೇ. ಎರಡೂ ಕಡೆ ಮಗಳ ಹೆಸರು ಬಂತು. ಸಹಿ ಹಾಕುವಾಗ ಆಕೆಗೆ ಕೈ ನಡುಗುತ್ತಿತ್ತು, ಆದರೂ ಹೆಬ್ಬೆಟ್ಟು ಬೇಡ, ಸಹಿಯೇ ಹಾಕ್ತೀನಿ ಅಂತ ಹಠ ಹಿಡಿದರು.

ಆಮೇಲೆ ನಿದ್ದೆ ಬಂತು. ಪೂರ್ತಿ ಅಲ್ಲ. ಬೆನ್ನಿನ ನೋವು ಇದ್ದೇ ಇತ್ತು.

1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಸಾಯುವವರ ಆರೈಕೆಯ ಮನೆ) ಶುರು ಮಾಡಿದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್, ಆಮೇಲೆ ಸೋಶಿಯಲ್ ವರ್ಕರ್, ಆಮೇಲೆ ಡಾಕ್ಟರ್. ಮೈಯ ನೋವು, ಮನಸ್ಸಿನ ನೋವು, ಮನೆಮಂದಿಯ ಚಿಂತೆ, ದೇವರ ಮೇಲಿನ ಸಿಟ್ಟು, ಇವನ್ನೆಲ್ಲ ಬೇರೆ ಬೇರೆ ಮಾಡಿ ನೋಡಬೇಡಿ, ಎಲ್ಲ ಸೇರಿ ಒಂದು ನೋವು ಅಂತ ಹೇಳಿದವರು. ಇದನ್ನು ನಾನು ಟ್ರೈನಿಂಗ್‌ನಲ್ಲಿ ಬಾಯಿಪಾಠ ಮಾಡಿದ್ದೆ. ಅದರೊಳಗೆ ಗ್ರಾಚ್ಯುಟಿಯೂ ಬರುತ್ತದೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಅಷ್ಟರಲ್ಲಿ ಕೆಳಗಿನ ಮನೆಯ ಓನರಮ್ಮನ ಕಾಟ ಶುರುವಾಗಿತ್ತು. ಕೊನೇ ಟೈಮಿಗೆ ಆಸ್ಪತ್ರೆಗೆ ಸೇರಿಸಿಬಿಡಿ, ಇಲ್ಲಿ ಬೇಡ ಅಂತ. ಅವರ ಭಯವೂ ಸುಳ್ಳಲ್ಲ. ಧನಿಷ್ಠಾ ಪಂಚಕದಲ್ಲಿ ಸಾವಾದರೆ ತಿಂಗಳುಗಟ್ಟಲೆ ಮನೆ ಬಿಡಬೇಕು ಅಂತ ನಂಬುವವರು ಈ ಊರಲ್ಲಿ ಬಹಳ ಜನ. ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ ಮೆಲ್ಲಗೆ ಕೇಳಿದರು: "ಯಾವ ನಕ್ಷತ್ರದಲ್ಲಿ ಹೋಗ್ತಾರೆ ಅಂತ ಸುಮಾರಾಗಿ ಹೇಳೋಕಾಗುತ್ತಾ ಸಿಸ್ಟರ್?"

ನನ್ನ ಹತ್ತಿರ ಬಿಪಿ ಮಿಷನ್ ಇದೆಯಮ್ಮ, ಪಂಚಾಂಗ ಇಲ್ಲ ಅಂದೆ.

ಆಕೆ ಆ ರೂಮಿನಲ್ಲೇ ಹೋದರು, ಐದು ವರ್ಷ ತುಂಬುವ ಬಹಳ ಮುಂಚೆ. ಯಾವ ನಕ್ಷತ್ರ ಅಂತ ನಾನು ನೋಡಲಿಲ್ಲ, ಓನರಮ್ಮ ನೋಡಿರುತ್ತಾರೆ. ದುಡ್ಡನ್ನು 30 ದಿನದೊಳಗೆ ಕೊಡಬೇಕು ಅಂತ ಕಾಯ್ದೆ ಹೇಳುತ್ತದೆ. ಮಗಳು ಫ್ಯಾಕ್ಟರಿ ಗೇಟಿನಿಂದ ಎಷ್ಟೋ ಸಲ ವಾಪಸ್ ಬಂದಳು. ಕೊನೆಗೆ ಬಂತು.

ಈಗ ಹೇಳಿ, ಇದರಿಂದ ನಾನು ನಿಮಗೆ ಏನಂತ ಪಾಠ ತೆಗೆದುಕೊಡಲಿ? ಪ್ರತಿ ಕ್ಷಣವನ್ನೂ ಆನಂದಿಸಿ ಅಂತಲಾ?

ನನ್ನನ್ನು ಕೇಳಬಹುದಾದ ಪ್ರಶ್ನೆ ಬೇರೆ ಇದೆ. "ನಮ್ಮನೇಲಿ ಒಬ್ಬರು ಹೀಗೆ ಮಲಗಿದರೆ ನಾವು ಏನು ಮಾಡಬೇಕು?" ಇದನ್ನು ಮದುವೆ ಮನೆಯಲ್ಲಿ ಯಾರೂ ಕೇಳುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, ಅಳುತ್ತಾ ಕೇಳುತ್ತಾರೆ. ಮುಂಚೆಯೇ ಕೇಳಿದ್ದರೆ ಎಷ್ಟೋ ಸುಲಭ ಇರುತ್ತಿತ್ತು. ಕೇಳದೆಯೇ ಹೇಳುತ್ತೇನೆ.

ಮೊದಲು ನೋವು. ಮಾರ್ಫಿನ್ ಅಂದ ಕೂಡಲೇ ಮನೆಯವರು "ಅಡಿಕ್ಟ್ ಆಗಿಬಿಡ್ತಾರೆ ಅಲ್ವಾ?" ಅನ್ನುತ್ತಾರೆ. ಇನ್ನು ಕೆಲವು ವಾರ ಅಂತ ಡಾಕ್ಟರು ಹೇಳಿರುತ್ತಾರೆ, ಇವರಿಗೆ ಚಟದ ಚಿಂತೆ. ನೋವಿಗೆ ಅಂತ ಡಾಕ್ಟರು ಲೆಕ್ಕ ಹಾಕಿ ಕೊಟ್ಟ ಮಾರ್ಫಿನ್‌ಗೆ ಹಾಗೆ ಚಟ ಹತ್ತುವುದು ತೀರಾ ಅಪರೂಪ. ಸಾದಾ ಮಾತ್ರೆಯಾದರೆ ನಾಲ್ಕು ಗಂಟೆಗೊಮ್ಮೆ, ಗಡಿಯಾರ ನೋಡಿ ಕೊಡಬೇಕು. ನೋವು ಬರಲಿ, ಆಮೇಲೆ ಕೊಡೋಣ ಅಂತ ಕಾಯಬಾರದು. ಜೊತೆಗೆ ಮೋಷನ್ ಆಗುವ ಔಷಧಿ ಕೊಡಲೇಬೇಕು, ಮಾರ್ಫಿನ್ ಹೊಟ್ಟೆ ಕಟ್ಟಿಸುತ್ತದೆ. ತಮಾಷೆ ನೋಡಿ, ಔಷಧಿಗಾಗಿ ಅಫೀಮು ಬೆಳೆಯಲು ರೈತರಿಗೆ ಸರ್ಕಾರವೇ ಲೈಸೆನ್ಸ್ ಕೊಡುವ ದೇಶ ನಮ್ಮದು. ಆದರೆ 1985ರ ಮಾದಕ ವಸ್ತು ಕಾಯ್ದೆಯ ಭಯಕ್ಕೆ ಆಸ್ಪತ್ರೆಗಳು, ಅಂಗಡಿಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರಲ್ಲಿ ತಿದ್ದುಪಡಿ ಮಾಡಿ ಸಡಿಲಿಸಿದರು. ಈಗಲೂ ಮೂಲೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿದರೆ ನಿಮ್ಮನ್ನೇ ಅನುಮಾನದಿಂದ ನೋಡುತ್ತಾರೆ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಪ್ಯಾಲಿಯೇಟಿವ್ ವಿಭಾಗ ಇದೆ. ಮಾರತ್ತಹಳ್ಳಿ ಕಡೆ ಕರುಣಾಶ್ರಯ ಅನ್ನುವ ಹಾಸ್ಪಿಸ್ ಇದೆ. ಅದರ ಟ್ರಸ್ಟ್ ಶುರುವಾದದ್ದು 1994ರಲ್ಲಿ, ಅಲ್ಲಿ ರೋಗಿಗಳಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ಅಲ್ಲಿಗೆ ಕೊನೇ ವಾರ ಹೋಗಬೇಡಿ. ಬೇಗ ಹೋಗಿ.

ಆಮೇಲೆ ಊಟ. ನಮ್ಮವರ ಪ್ರೀತಿಯೆಲ್ಲ ಚಮಚದಲ್ಲೇ ಇರುತ್ತದೆ. ಬಾಯಿ ತೆರೆಯದವರಿಗೆ ಮಲಗಿಸಿಕೊಂಡೇ ರಾಗಿ ಗಂಜಿ ಹಾಕುತ್ತಾರೆ. ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಕೊನೆಯ ದಿನಗಳಲ್ಲಿ ದೇಹಕ್ಕೆ ಊಟ ಬೇಡವಾಗಿರುತ್ತದೆ, ಹಸಿವೂ ಇರುವುದಿಲ್ಲ. "ಗ್ಲೂಕೋಸ್ ಆದರೂ ಹಾಕಿಸಿ" ಅನ್ನುತ್ತಾರೆ. ಆಗ ಅದು ಕೈಕಾಲು ಊದಿಸಬಹುದು, ಕಫ ಹೆಚ್ಚಿಸಬಹುದು. ಹತ್ತಿ ಒದ್ದೆ ಮಾಡಿ ತುಟಿ, ನಾಲಿಗೆ ಒರೆಸಿ. ಗಂಟಲಲ್ಲಿ ಗೊರಗೊರ ಅಂದರೆ ಪಕ್ಕಕ್ಕೆ ಮಲಗಿಸಿ. ಆ ಸದ್ದು ನಿಮಗೆ ಕೇಳಿಸುವಷ್ಟು ಕಷ್ಟ ಅವರಿಗೆ ಆಗುತ್ತಿರುವುದಿಲ್ಲ.

"ಅವರಿಗೆ ಹೇಳಬೇಡಿ ಸಿಸ್ಟರ್" ಅನ್ನುವ ಮಾತು ಪ್ರತಿ ಮನೆಯಲ್ಲೂ ಇದೆ. ಒಳಗೆ ಹೋದರೆ ರೋಗಿ ಹೇಳುವುದು, "ನನಗೆ ಗೊತ್ತಿದೆ, ಅವಳಿಗೆ ಹೇಳಬೇಡಿ." ಇಬ್ಬರ ಗುಟ್ಟೂ ನನ್ನ ಹತ್ತಿರ. ಇದನ್ನು ನೀವೇ ಬಗೆಹರಿಸಿಕೊಂಡರೆ ನನಗೂ ಹೊರೆ ಇಳಿಯುತ್ತದೆ.

ಇನ್ನು ಕಾಗದ ಪತ್ರ. ವಾಸಿಯಾಗುವ ದಾರಿಯೇ ಇಲ್ಲದಿದ್ದರೆ ವೆಂಟಿಲೇಟರ್ ಬೇಡ ಅಂತ ಮುಂಚೆಯೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು. 2023ರಲ್ಲಿ ಅದರ ವಿಧಾನ ಸುಲಭ ಮಾಡಿತು: ಇಬ್ಬರು ಸಾಕ್ಷಿಗಳ ಮುಂದೆ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರಲು ಆದೇಶವನ್ನೂ ಹೊರಡಿಸಿತು. ಇದು ಆರೋಗ್ಯವಾಗಿದ್ದಾಗ ಮಾಡುವ ಕೆಲಸ. ನಾಮಿನಿ ಹೆಸರು ನೋಡುವುದೂ ಅಷ್ಟೇ. ಇವತ್ತೇ ನೋಡಿ, ಮದುವೆಗೆ ಮುಂಚೆ ಹಾಕಿದ ಅಪ್ಪನ ಹೆಸರು ಹಾಗೇ ಇರುತ್ತದೆ.

ಮನೆಯಲ್ಲೇ ಇಟ್ಟುಕೊಳ್ಳುತ್ತೇವೆ ಅಂತ ತೀರ್ಮಾನಿಸಿದ್ದರೆ ಇನ್ನೊಂದು ಕೆಲಸ. ಮನೆಯಲ್ಲಿ ಸಾವಾದಾಗ ಡಾಕ್ಟರು ಬಂದು ನೋಡಿ ಸಾವಿನ ಕಾರಣ ಬರೆದು ಸಹಿ ಹಾಕಬೇಕು, ಅದು ಫಾರಂ 4ಎ. ವಿದ್ಯುತ್ ಚಿತಾಗಾರದಲ್ಲಿ ಡಾಕ್ಟರ ಪತ್ರ ಎಲ್ಲಿ ಅಂತ ಮೊದಲೇ ಕೇಳುತ್ತಾರೆ. 21 ದಿನದೊಳಗೆ ಮರಣ ನೋಂದಣಿಯೂ ಆಗಬೇಕು. ಒಂದು ಸಲವೂ ರೋಗಿಯನ್ನು ನೋಡದ ಡಾಕ್ಟರು ಸಹಿ ಹಾಕಲ್ಲ, ಹಾಕಲೂಬಾರದು. ಹಾಗಾಗಿ ಹತ್ತಿರದ ಕ್ಲಿನಿಕ್ಕಿನ ಡಾಕ್ಟರನ್ನು ಮೊದಲೇ ಮನೆಗೆ ಕರೆಸಿ ರಿಪೋರ್ಟುಗಳನ್ನೆಲ್ಲ ತೋರಿಸಿ. ನಡುರಾತ್ರಿ ಫೋನ್ ಮಾಡಿದರೆ ಬರ್ತೀರಾ ಅಂತ ನೇರವಾಗಿ ಕೇಳಿ. ಬರಲ್ಲ ಅಂದರೆ ಬೇಜಾರು ಮಾಡಿಕೊಳ್ಳದೆ ಇನ್ನೊಬ್ಬರನ್ನು ಹುಡುಕಿ. ಅವರ ನಂಬರ್ ಮನೆಯ ಎಲ್ಲರ ಫೋನಿನಲ್ಲೂ ಇರಲಿ. ಆಧಾರ್ ಕಾರ್ಡಿನ ಜೆರಾಕ್ಸ್ ಎರಡು ಜಾಸ್ತಿಯೇ ತೆಗೆದು ಫೈಲಿನಲ್ಲಿ ಇಡಿ. ರಾತ್ರಿ ಎರಡು ಗಂಟೆಗೆ ಯಾವ ಅಂಗಡಿಯೂ ತೆರೆದಿರುವುದಿಲ್ಲ.