ಉಯ್ಶ್ಚೆಯಲ್ಲಿ ಒಂದು ಭಾನುವಾರ

ಪೋಲೆಂಡಿನ ಪೊಜ್ನಾನ್‌ಗೆ ಹೋದವರೆಲ್ಲ ಪುರಭವನದ ಗಡಿಯಾರದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಕೊಂಬು ತಾಗಿಸುವ ಎರಡು ಲೋಹದ ಆಡುಗಳನ್ನು ಹೊಗಳುತ್ತಾರೆ. ನನಗೇನೂ ಅನ್ನಿಸಲಿಲ್ಲ. ನನಗೆ ಬೇಕಿದ್ದದ್ದು ಉಯ್ಶ್ಚೆ. ಪಿವಾವರೆಗೆ ರೈಲು, ಅಲ್ಲಿಂದ ಬಸ್ಸು.

ಗ್ವ್ದಾ ನದಿ ನೊತೆಚ್‌ಗೆ ಸೇರುವ ಪುಟ್ಟ ಊರಿದು. 1655ರ ಜುಲೈನಲ್ಲಿ ಸ್ವೀಡನ್ನಿನ ಸೈನ್ಯವನ್ನು ತಡೆಯಲು ಸುಮಾರು 13 ಸಾವಿರ ಜಮೀನ್ದಾರರು ಇಲ್ಲಿ ಬೀಡುಬಿಟ್ಟಿದ್ದರು. ದೊರೆ ಕರೆದರೆ ತಮ್ಮದೇ ಕುದುರೆ, ಕತ್ತಿ ಹಿಡಿದು ಬರಬೇಕಿತ್ತು. ಪೊಸ್ಪೊಲಿತೆ ರುಶೆನ್ಯೆ ಅಂತ ಈ ಪದ್ಧತಿಯ ಹೆಸರು. ಅವರ ಹಿರಿಯರು ಚೌಕಾಸಿಯಲ್ಲಿ ಗಟ್ಟಿಗರು. 1374ರಲ್ಲೇ, ಗಡಿಯಾಚೆ ಹೋಗಬೇಕಾದರೆ ದುಡ್ಡು ಕೊಡಿ ಅಂತ ಬರೆಸಿಕೊಂಡಿದ್ದರು. 1454ರಲ್ಲಿ ಯುದ್ಧದ ಬೀಡಿನಲ್ಲೇ ದೊರೆಯ ಮುಂದೆ ಹೊಸ ಬೇಡಿಕೆ ಇಟ್ಟರು, ಪಡೆದರು, ಕೆಲವೇ ದಿನಗಳಲ್ಲಿ ಖೊಯ್ನಿತ್ಸೆಯಲ್ಲಿ ಹೀನಾಯವಾಗಿ ಸೋತರು. ಪ್ರಾಂತ್ಯದ ಸಭೆ ಒಪ್ಪದೆ ಕರೆಯುವಂತಿಲ್ಲ ಅನ್ನುವ ಹಕ್ಕೂ ಆ ವರ್ಷವೇ ಸಿಕ್ಕಿತು.

1655ರಲ್ಲಿ ಉಯ್ಶ್ಚೆಯಲ್ಲೂ ಸೋಲೇ. ಜುಲೈ 25ಕ್ಕೆ ಸ್ವೀಡನ್ನಿಗೆ ಶರಣಾಗತಿಯ ಸಹಿ ಬಿತ್ತು. ಸಹಿ ಹಾಕಿದವರಲ್ಲಿ ಪೊಜ್ನಾನ್ ಪ್ರಾಂತ್ಯದ ಅಧಿಪತಿ ಕ್ಷಿಷ್ಟೊಫ್ ಒಪಾಲಿನ್ಸ್ಕಿಯೂ ಒಬ್ಬ. ಐದು ವರ್ಷದ ಹಿಂದೆ ದೇಶದ ಪ್ರಭುಗಳನ್ನು ಬೈದು ವಿಡಂಬನೆ ಪದ್ಯ ಅಚ್ಚು ಹಾಕಿಸಿದ್ದವನೇ!

ವಾಪಸ್ ಬಸ್ಸು ಭಾನುವಾರ ಇಲ್ಲವಂತೆ. ವೇಳಾಪಟ್ಟಿಯಲ್ಲಿ ಸಮಯದ ಪಕ್ಕ ಇರುವೆ ಗಾತ್ರದ ಅಕ್ಷರ, ಅದರ ಅರ್ಥ ಇನ್ನೆಲ್ಲೋ ಕೆಳಗೆ. ಈಗಲೂ ಸಿಟ್ಟು ಬರುತ್ತದೆ. ನೀವು ಹೋದರೆ ಟ್ಯಾಕ್ಸಿ ನಂಬರು ಮೊದಲೇ ಇಟ್ಟುಕೊಳ್ಳಿ.

ಸುಮ್ನೆ ನದಿಯ ಕಡೆ ನಡೆದೆ. ಜೊಂಡಿನ ನಡುವೆ ಅಜ್ಜರೊಬ್ಬರು ಗಾಳ ಹಾಕಿ ಕೂತಿದ್ದರು. ಜೊತೆಗಿದ್ದ ಮೊಮ್ಮಗಳಿಗೆ ಇಂಗ್ಲಿಷ್ ಬರುತ್ತಿತ್ತು.

"ಆ ಶರಣಾಗತಿ ನೆನೆದರೆ ನಾಚಿಕೆ ಆಗಲ್ವಾ?" ಎಂದು ಅವಳ ಮೂಲಕ ಅಜ್ಜರನ್ನು ಕೇಳಿಬಿಟ್ಟೆ.

"ಜುಲೈ ಅಂದ್ರೆ ಕೊಯ್ಲು. ಹೊಲ ಬಿಟ್ಟು ಬಂದಿದ್ರು. ಎದುರಿಗಿದ್ದವರು ಜರ್ಮನಿಯಲ್ಲಿ ವರ್ಷಗಟ್ಟಲೆ ಹೊಡೆದಾಡಿ ಪಳಗಿದವರು. ನೀವಾಗಿದ್ರೆ ಏನು ಮಾಡ್ತಿದ್ರಿ?"

"ಕೊಯ್ಯೋರು ಅವರಲ್ಲವಲ್ಲ, ಅವರ ಜೀತದಾಳುಗಳು."

ಹುಡುಗಿ ನಕ್ಕು, ಸ್ವಲ್ಪ ತಡೆದು ಅದನ್ನು ಅಜ್ಜನಿಗೆ ಹೇಳಿದಳು. ಅಜ್ಜ ಗಾಳ ಎಳೆದು ಹೊಸ ಹುಳ ಸಿಕ್ಕಿಸಿದರು. ಅವಸರವೇ ಇಲ್ಲ.

"ಅದೂ ನಿಜ. ನಮ್ಮ ಹಿರಿಯರು ಆಳುಗಳ ಕಡೆಯವರೇ." ಆಮೇಲೆ ನೊತೆಚ್‌ನ ಮೇಲ್ದಿಕ್ಕಿಗೆ ಕೈ ತೋರಿಸಿದರು. "ಜೆಂಬೊವೊ ಹತ್ತಿರ ಹೊಳೆ ದಾಟುವ ಜಾಗದಲ್ಲಿ ಸ್ವೀಡನ್ನಿನವರಿಗೆ ಗುಂಡು ಹಾರಿಸಿದ್ದು ರೈತಾಪಿ ಕಾಲಾಳುಗಳು. ಅದನ್ನೂ ಬರ್ಕೊಳ್ಳಿ."

ಜೆಂಬೊವೊ ನೋಡೋಣವೆಂದರೆ ಆ ಕಡೆಗೂ ಬಸ್ಸಿರಲಿಲ್ಲ.